ಕಡಲಾಮೆ ಕಾಯೋಕೆ ವಿದೇಶಕ್ಕಾ? ಮೊದಲು ದೇವಬಾಗದಲ್ಲಿ ನಡೆದು ನೋಡಿ

ಕಡಲಾಮೆ ಕಾಯುವ ಯೋಜನೆಗೆ ಸ್ವಯಂಸೇವಕರಾಗಿ ವಿದೇಶಕ್ಕೆ ಹೋಗುವ ಆಸೆಯಿದ್ದರೆ ಮೊದಲು ಕಾಲ ನೋಡಿ. ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಟೋರ್ಟುಗೆರೊ ದಡದಲ್ಲಿ ಹಸಿರು ಕಡಲಾಮೆಗಳು ಮೊಟ್ಟೆ ಇಡುವುದು ಜುಲೈನಿಂದ ಅಕ್ಟೋಬರ್‌ವರೆಗೆ. ಗ್ರೀಸ್‌ನ ಜಾಕಿಂಥೋಸ್ ದ್ವೀಪದಲ್ಲೂ ಬೇಸಿಗೆ, ಅಂದ್ರೆ ನಮ್ಮ ಮಳೆಗಾಲ. ಕಾರವಾರ, ಹೊನ್ನಾವರದ ಕಡೆ ಆಲಿವ್ ರಿಡ್ಲೆ ಅನ್ನುವ ಕಡಲಾಮೆ ಮೊಟ್ಟೆ ಇಡಲು ದಡಕ್ಕೆ ಬರುವುದು ಚಳಿಗಾಲದಲ್ಲಿ. ಹಾಗಾಗಿ ಇಲ್ಲಿ ನೋಡಿ ಕಲಿತು ಅಲ್ಲಿಗೆ ಹೋಗಬಹುದು, ಲೆಕ್ಕ ಸರಿಹೋಯ್ತಲ್ವಾ?

ಜನವರಿ, ಫೆಬ್ರವರಿಯಲ್ಲಿ ಅರಣ್ಯ ಇಲಾಖೆಯವರನ್ನು ಕೇಳಿ, ಬಲೆ ಕಟ್ಟಿ ಕಾಯುವ ಗೂಡು ಎಲ್ಲಿದೆ ಅಂತ ಹೇಳುತ್ತಾರೆ. ದೂರದಿಂದ ನೋಡಿ, ಮುಟ್ಟಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಕಡಲಾಮೆಗೆ ಹುಲಿಯಷ್ಟೇ ರಕ್ಷಣೆ ಇದೆ. ಆಮೇಲೆ ಕಾರವಾರದ ದೇವಬಾಗ ಕಡಲತೀರದ ಮೆತ್ತನೆ ಹೊಯಿಗೆಯಲ್ಲಿ ಕತ್ತಲಾದ ಮೇಲೆ, ಟಾರ್ಚ್ ಹಾಕದೆ, ಎರಡು ತಾಸು ನಡೆಯಿರಿ. ಮೀನಖಂಡ ಹಿಡಿದುಕೊಂಡರೆ ಗಾಬರಿ ಬೇಡ, ವಿದೇಶದ ಆ ಕೆಲಸದಲ್ಲಿ ಮುಕ್ಕಾಲು ಪಾಲು ಈ ನಡಿಗೆಯೇ.

ಯೋಜನೆ ಆರಿಸುವಾಗ ಫೋಟೋಗಳನ್ನು ಸರಿಯಾಗಿ ನೋಡಿ. ಮರಿಗಳನ್ನು ತೊಟ್ಟಿಯಲ್ಲಿಟ್ಟು ಪ್ರವಾಸಿಗರ ಕೈಗೆ ಕೊಡುತ್ತಿದ್ದಾರಾ? ಅದನ್ನು ಬಿಟ್ಟುಬಿಡಿ, ಎಷ್ಟೇ ಅಗ್ಗವಾಗಿದ್ದರೂ. ಹೊರಬಂದ ಮರಿ ಬೇಗ ಕಡಲು ಸೇರಬೇಕು. ಅದರ ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯ ಬಲದಲ್ಲೇ ಅದು ಆಳದ ನೀರಿನವರೆಗೆ ಈಜುವುದು, ತೊಟ್ಟಿಯಲ್ಲಿ ಆ ಬಲ ಸುಮ್ನೆ ಕರಗಿಹೋಗುತ್ತದೆ. ದುಡ್ಡು ಹೆಚ್ಚಿನ ಕಡೆ ನೀವೇ ಕೊಡಬೇಕು, ಅದು ಮೋಸವಲ್ಲ, ಆದರೆ ಯಾವುದಕ್ಕೆ ಎಷ್ಟು ಅಂತ ಬಾಯಿಬಿಟ್ಟು ಕೇಳಿ. ಪ್ರವಾಸಿ ವೀಸಾದಲ್ಲಿ ಈ ಕೆಲಸ ಮಾಡಬಹುದಾ ಅನ್ನುವುದನ್ನು ಆ ದೇಶದ ರಾಯಭಾರ ಕಚೇರಿಯಲ್ಲೇ ಕೇಳಿ, ಏಜೆಂಟರ ಮಾತು ಸಾಕಾಗುವುದಿಲ್ಲ.

ದಡದಲ್ಲಿ ಕೆಂಪು ಬೆಳಕು ಮಾತ್ರ, ಅದೂ ಬೇಕಾದಾಗಷ್ಟೇ. ಆಮೆ ಮೇಲೆ ಬರುವಾಗ ಎದುರು ನಿಂತರೆ ತಿರುಗಿ ಕಡಲಿಗೆ ಹೋಗಿಬಿಡುತ್ತದೆ. ಗುಂಡಿ ತೋಡಿ ಮೊಟ್ಟೆ ಇಡಲು ಶುರುಮಾಡಿದ ಮೇಲೆಯೇ ಹಿಂದಿನಿಂದ ಹತ್ತಿರ ಹೋಗಿ ಎಣಿಸುವುದು, ಟೇಪು ಹಿಡಿದು ಚಿಪ್ಪು ಅಳೆಯುವುದು. ನೂರರ ಆಸುಪಾಸು ಮೊಟ್ಟೆ, ಲೋಳೆ ಲೋಳೆ, ಸಿಪ್ಪೆ ಕೋಳಿಮೊಟ್ಟೆಯ ಹಾಗೆ ಗಟ್ಟಿಯಲ್ಲ, ಬೆರಳು ಒತ್ತಿದರೆ ತಗ್ಗುತ್ತದೆ. ಗೂಡು ಬೇರೆಡೆ ಸಾಗಿಸುವುದಿದ್ದರೆ ಕೆಲವೇ ತಾಸಿನೊಳಗೆ, ತಿರುಗಿಸದೆ. ತಡವಾದರೆ ಒಳಗಿನ ಭ್ರೂಣ ಸಿಪ್ಪೆಗೆ ಅಂಟಿಕೊಂಡಿರುತ್ತದೆ, ಅಲುಗಿದರೆ ಸಾಯುತ್ತದೆ. ಸೊಳ್ಳೆ ಎಣ್ಣೆಯನ್ನು ಅಂಗೈಗೆ ಸವರಲೇಬೇಡಿ, ಮೊಟ್ಟೆಗೆ ತಾಗುತ್ತದೆ.

ಆಮೆ ಬಾರದ ರಾತ್ರಿಗಳೂ ಇರುತ್ತವೆ. ಬೆಳಿಗ್ಗೆ ಕಸ ಹೆಕ್ಕುವುದು, ಗೂಡಿಗೆ ಕಟ್ಟಿದ ಬಲೆ ಸರಿಮಾಡುವುದು, ಸರದಿ ಪ್ರಕಾರ ಅಡುಗೆ. ನಿಮ್ಮ ಸರದಿ ಬಂದ ದಿನ ಅನ್ನ, ತಿಳಿಸಾರು ಮಾಡಿ. ಶಿರಸಿಯ ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯುವುದಾದರೆ ಆ ದೇಶ ಬಿಡುತ್ತದಾ ನೋಡಿಕೊಂಡು, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಚೆಕ್‌ಇನ್ ಬ್ಯಾಗಿಗೇ ಹಾಕಿ. ನನ್ನದು ಒಡೆದು ಮೂರು ಅಂಗಿ ಹಾಳಾದವು.