ನಾಲ್ಕು ಬೆರಳು ಹುಲ್ಲು ಉಳಿಸಿ: ಕುರಿ ಮೇಯಿಸಲು ಕಲಿತ ನಮ್ಮ ಮೊದಲ ಹಂಗಾಮು

ಕುರಿ ತರುವ ಮೊದಲು ನಾವು ಓದಿದ್ದೆಲ್ಲ ಕುರಿಯ ಬಗ್ಗೆ. ಹುಲ್ಲಿನ ಬಗ್ಗೆ ಒಂದು ಪುಟವೂ ಓದಿರಲಿಲ್ಲ. 12 ಹೆಣ್ಣು ಕುರಿ ಬಂದು ಮೇಯಲು ಶುರು ಮಾಡಿದ ಮೇಲೆ ತಿಳಿಯಿತು, ದಿನಾ ಬೆಳಿಗ್ಗೆ ಮೊದಲು ನೋಡಬೇಕಾದ್ದು ನೆಲವನ್ನು. ಹೊಸದಾಗಿ ಶುರು ಮಾಡುವವರಿಗೆ ಸಹಾಯ ಆಗಲಿ ಅಂತ ನಾವು ಮಾಡಿದ್ದನ್ನು ಹಾಗೇ ಬರೆಯುತ್ತಿದ್ದೇನೆ.

ಇಡೀ ಬಯಲನ್ನು ಒಂದೇ ಸಲ ಬಿಟ್ಟುಕೊಡಬೇಡಿ. ಹಾಗೆ ಬಿಟ್ಟರೆ ಕುರಿ ತನಗೆ ರುಚಿಯಾದ ಹುಲ್ಲನ್ನೇ ಹುಡುಕಿ ತಿನ್ನುತ್ತದೆ. ಅಲ್ಲಿ ಎಳೆ ಚಿಗುರು ಬಂದ ಕೂಡಲೇ ಮತ್ತೆ ಅದನ್ನೇ ಕಚ್ಚುತ್ತದೆ. ಎಲೆ ಕಳೆದುಕೊಂಡ ಹುಲ್ಲು ಬುಡದಲ್ಲಿ ಕೂಡಿಟ್ಟ ಸತ್ವ ಖರ್ಚು ಮಾಡಿ ಚಿಗುರುವುದು. ಚೇತರಿಸಿಕೊಳ್ಳುವ ಮೊದಲೇ ಎರಡನೇ ಸಲ ಕಚ್ಚಿದರೆ ಬೇರು ಸೊರಗುತ್ತದೆ. ಕುರಿ ಮುಟ್ಟದ ಕಳೆ ಮಾತ್ರ ಆರಾಮಾಗಿ ಎತ್ತರ ಆಗುತ್ತದೆ. ಅದಕ್ಕೇ ನಾವು ಬಯಲನ್ನು 10 ಪಟ್ಟಿ ಮಾಡಿದೆವು. ಒಂದೊಂದರಲ್ಲಿ 3 ದಿನ, ಆಮೇಲೆ ಆ ಪಟ್ಟಿಗೆ 27 ದಿನ ಬಿಡುವು.

ಆದರೆ ದಿನದ ಲೆಕ್ಕ ಬರೀ ಅಂದಾಜು. ನಿಜವಾದ ಅಳತೆ ನಿಮ್ಮ ಕೈಯಲ್ಲೇ ಇದೆ. ಕುರಿ ಒಳಗೆ ಬಿಡುವಾಗ ಹುಲ್ಲು ಒಂದು ಗೇಣು, ಅಂದರೆ ಸುಮಾರು 20 ಸೆಂಟಿಮೀಟರ್ ಇರಬೇಕು. ನಾಲ್ಕು ಬೆರಳು ಉಳಿದಾಗ ಮುಂದಿನ ಪಟ್ಟಿಗೆ ಹೊಡೆಯಬೇಕು. ಒಂದೇ ಕಡೆ ಅಳೆಯಬೇಡಿ, ಎಂಟು ಹತ್ತು ಕಡೆ ಕೈ ಇಟ್ಟು ನೋಡಿ. ನಮ್ಮಲ್ಲಿ ಈ ಕೆಲಸ ಅತ್ತೆಯವರದು. ಅವರು ಊರುಗೋಲಿಗೆ ಎರಡು ದಾರ ಕಟ್ಟಿಕೊಂಡರು, ಗೇಣಿಗೊಂದು, ನಾಲ್ಕು ಬೆರಳಿಗೊಂದು. ಬಗ್ಗುವ ಕಷ್ಟವೇ ಇಲ್ಲ.

ಈ ನಾಲ್ಕು ಬೆರಳು ಹುಲ್ಲಿಗಷ್ಟೇ ಅಲ್ಲ, ಕುರಿಯ ಜೀವಕ್ಕೂ ಬೇಕು. ಹಿಕ್ಕೆಯಲ್ಲಿ ಬಿದ್ದ ಜಂತುಹುಳುವಿನ ಮೊಟ್ಟೆ, ಬೆಚ್ಚಗೆ ತೇವ ಇದ್ದರೆ, ಒಂದು ವಾರದೊಳಗೆ ಮರಿಯಾಗಿ ಹುಲ್ಲಿಗೆ ಹತ್ತುತ್ತದೆ. ಹೆಚ್ಚಿನವು ನೆಲದಿಂದ 5 ಸೆಂಟಿಮೀಟರ್ ಒಳಗೇ ಇರುತ್ತವೆ. ಹುಲ್ಲನ್ನು ಬುಡದವರೆಗೆ ಮೇಯಿಸಿದರೆ ಕುರಿ ಹುಳುವನ್ನೇ ತಿಂದ ಹಾಗೆ.

ಎರಡನೇ ತಿಂಗಳಲ್ಲಿ ಮಳೆ ಹಿಡಿದುಕೊಂಡಿತು. ಬೇಲಿ ಕಿತ್ತು ಮುಂದೆ ಹಾಕೋಣ, ನಾಳೆ ಹಾಕೋಣ ಅನ್ನುತ್ತಾ ಒಂದೇ ಪಟ್ಟಿಯಲ್ಲಿ 10 ದಿನ ಬಿಟ್ಟುಬಿಟ್ಟೆವು. ಸುಮಾರು ಮೂರು ವಾರದ ನಂತರ ಒಂದು ಕುರಿ ಹಿಂಡಿನ ಹಿಂದೆ ಹಿಂದೆ ಉಳಿಯತೊಡಗಿತು. ದವಡೆಯ ಕೆಳಗೆ ನೀರು ತುಂಬಿದ ಚೀಲದಂತೆ ಊತ. ವೈದ್ಯರು ಬಂದು ಕೆಳರೆಪ್ಪೆ ಎಳೆದು ತೋರಿಸಿದರು. ಒಳಗೆ ಬಿಳಿ ಕಾಗದದ ಹಾಗಿತ್ತು. ರಕ್ತ ಹೀರುವ ಹುಳುವಿನ ಕೆಲಸ. ಆ ಕುರಿ ಉಳಿಯಲಿಲ್ಲ. ಮಗಳು ಅದಕ್ಕೆ ಹೆಸರಿಟ್ಟಿದ್ದಳು. ಆ ಸಂಜೆ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ.

ಅಂದಿನಿಂದ ಎರಡು ವಾರಕ್ಕೊಮ್ಮೆ ಎಲ್ಲ ಕುರಿಗಳ ಕಣ್ಣು ನೋಡುತ್ತೇವೆ. ಹಗಲು ಬೆಳಕಲ್ಲಿ, ಯಜಮಾನರು ತಲೆ ಹಿಡಿಯುತ್ತಾರೆ, ನಾನು ಮೇಲಿನ ರೆಪ್ಪೆಯನ್ನು ಮೆಲ್ಲಗೆ ಒತ್ತಿ ಕೆಳಗಿನದನ್ನು ಎಳೆಯುತ್ತೇನೆ, ಮಗಳು ಬರೆದುಕೊಳ್ಳುತ್ತಾಳೆ. ಹೋಲಿಸಿ ನೋಡಲು ದಕ್ಷಿಣ ಆಫ್ರಿಕಾದಲ್ಲಿ ರೂಪಿಸಿದ ಫಮಾಚಾ ಅನ್ನುವ ಬಣ್ಣದ ಕಾರ್ಡ್ ಇದೆ. 1 ಅಂದರೆ ಕೆಂಪು, ಆರೋಗ್ಯ. 5 ಅಂದರೆ ಬಿಳಿ. 4, 5 ಬಂದವಕ್ಕೆ ಮದ್ದು ಬೇಕೇ ಬೇಕು. 3 ಬಂದರೆ ವೈದ್ಯರನ್ನು ಕೇಳಿ. ಚೆನ್ನಾಗಿರುವ ಕುರಿಗಳಿಗೂ ಸುಮ್ನೆ ಕುಡಿಸಬೇಡಿ, ಮದ್ದಿಗೆ ಬಗ್ಗದ ಹುಳುಗಳೇ ಉಳಿದು ಬೆಳೆಯುತ್ತವೆ. ತೂಕ ನೋಡದೆ ಕಡಿಮೆ ಕುಡಿಸಿದರೂ ಅದೇ ಕಥೆ.

ಇನ್ನು ಕೆಲವು ಮಾತು ಬೇಗ ಹೇಳುತ್ತೇನೆ. ಕರೆಂಟ್ ಬೇಲಿ ಹಾಕುವುದಾದರೆ ಮೊದಲು ಗಟ್ಟಿ ದೊಡ್ಡಿಯೊಳಗೆ ಎರಡು ದಿನ ಅದನ್ನು ಪರಿಚಯ ಮಾಡಿಸಿ. ನೀರು ಪ್ರತಿ ಪಟ್ಟಿಯಲ್ಲೂ ಇರಲಿ. ಕುದುರೆ ಮೆಂತೆಯಂಥ ದ್ವಿದಳ ಮೇವು ಜಾಸ್ತಿ ಇರುವ ಕಡೆ ಹಸಿದ ಹಿಂಡನ್ನು ಬಿಡಬೇಡಿ. ಮೊದಲು ಒಣಹುಲ್ಲು ಕೊಡಿ, ಇಲ್ಲದಿದ್ದರೆ ಹೊಟ್ಟೆ ಉಬ್ಬುತ್ತದೆ. ಎಡ ಪಕ್ಕೆ ಡೋಲಿನಂತೆ ಬಿಗಿದರೆ ತಡ ಮಾಡದೆ ವೈದ್ಯರನ್ನು ಕರೆಸಿ. ದನದ ಖನಿಜ ಮಿಶ್ರಣವನ್ನು ಕುರಿಗೆ ಹಾಕಲೇಬೇಡಿ. ಅದರಲ್ಲಿರುವ ತಾಮ್ರ ಕುರಿಗೆ ವಿಷವಾಗಬಹುದು.

ಹಂಗಾಮಿನ ಕೊನೆಗೆ ಹುಲ್ಲು ನಿಧಾನ ಆಯಿತು. 27 ದಿನ ಕಳೆದರೂ ಅತ್ತೆಯವರ ಊರುಗೋಲಿನ ಗೇಣಿನ ದಾರ ಮುಟ್ಟಲಿಲ್ಲ. ಹುಲ್ಲು ಬಂದಿದೆಯಲ್ಲ, ಕುರಿಗಳನ್ನು ಒಳಗೆ ಬಿಡೋಣ ಅನ್ನಿಸುವುದು ಆಗಲೇ. ಬಿಡಬೇಡಿ. ನಾವು ಒಂದು ಮೂಲೆಯ ಪಟ್ಟಿಯನ್ನು ತ್ಯಾಗ ಮಾಡಿ, ಹಿಂಡನ್ನು ಅಲ್ಲೇ ಕೂಡಿ, ಒಣಹುಲ್ಲನ್ನು ನೆಲಕ್ಕೆ ಹಾಕದೆ ಗೋದಲಿಯಲ್ಲಿ ಹಾಕಿದೆವು. ಉಳಿದ ಒಂಬತ್ತಕ್ಕೂ ಇನ್ನೂ ಮೂರು ವಾರ ಬಿಡುವು ಸಿಕ್ಕಿತು. ಹುಲ್ಲು ಗೇಣು ಮುಟ್ಟಿದ ಬೆಳಿಗ್ಗೆ ಅತ್ತೆಯವರೇ ಹೋಗಿ ಬೇಲಿ ತೆಗೆದರು.