ಮಡಿಕೇರಿ ಮಳೆಯಲ್ಲೂ ಹಸಿ ಕಸ ಗೊಬ್ಬರವಾಯಿತು

"ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗೊಬ್ಬರ ಆಗಲ್ಲ ಮಾರಾಯ, ಸುಮ್ನೆ ಕೊಳೆಯುತ್ತೆ." ಪಕ್ಕದ ತೋಟದ ಅಣ್ಣ ಇದನ್ನು ಮೂರು ವರ್ಷ ಹೇಳಿದರು. ಈ ಮಳೆಗಾಲದಲ್ಲಿ ನಮ್ಮ ಐದು ಕೋಣೆಯ ಹೋಂಸ್ಟೇಯಿಂದ ಒಂದು ಬಕೆಟ್ ಹಸಿ ಕಸವೂ ಗೇಟು ದಾಟಲಿಲ್ಲ. ಈಗ ಅವರೇ ಎರಡು ಚೀಲ ಗೊಬ್ಬರ ಕೇಳಿದ್ದಾರೆ.

ಮೊದಲ ವರ್ಷ ಗುಂಡಿ ತೋಡಿಸಿದ್ದೆ. ಜೂನ್ ಮುಗಿಯುವಷ್ಟರಲ್ಲಿ ಅದು ಕೆರೆಯಾಯಿತು. ವಾಸನೆಗೆ ಒಂದು ಕುಟುಂಬ ಬೆಳಿಗ್ಗೆಯೇ ಹೊರಟಿತು, ಆರು ಸಾವಿರ ಅಡ್ವಾನ್ಸ್ ವಾಪಸ್ ಕೊಟ್ಟೆ. ಎರಡನೇ ವರ್ಷ ಮೂರು ಹಳೇ ಡ್ರಮ್ಮು ತಂದು ತೂತು ಕೊರೆದೆ. ಗಾಳಿಯೇ ಒದ್ದೆ ಇರುವಾಗ ತೂತಿನಿಂದ ಏನು ಪ್ರಯೋಜನ? ಒಂದು ರಾತ್ರಿ ಕಾಡುಹಂದಿ ಬಂದು ಮೂರನ್ನೂ ಉರುಳಿಸಿತು. ಆಮೇಲೆ ಕರೆಂಟಿನ ಮಷೀನು, ಮೂವತ್ತೆಂಟು ಸಾವಿರದ ಹತ್ತಿರ ಆಗಿತ್ತು. ಇಪ್ಪತ್ನಾಲ್ಕು ಗಂಟೆಯಲ್ಲಿ ಗೊಬ್ಬರ ಅಂದಿದ್ದರು. ಬಂದಿದ್ದು ಒಣಗಿದ ಅನ್ನದ ಪುಡಿ. ಮೆಣಸಿನ ಬಳ್ಳಿಯ ಬುಡಕ್ಕೆ ಹಾಕಿದೆ, ವಾರದಲ್ಲಿ ಬಿಳಿ ಬೂಷ್ಟು ಹಿಡಿಯಿತು. ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ ಅಲ್ವಾ. ಹನ್ನೊಂದು ಸಾವಿರಕ್ಕೆ ಮಾರಿದೆ. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ದಾರಿ ಸಿಕ್ಕಿದ್ದು ಕಾಫಿ ಬೀಜದ ಹೊಟ್ಟು ಬಿಡಿಸುವ ಹಲ್ಲಿಂಗ್ ಮಿಲ್ಲಿನಲ್ಲಿ. ಕಸದ ನೀರು ಹೀರುವ ಒಣ ಹೊಟ್ಟು! ಮಾರ್ಚ್‌ನಲ್ಲೇ ಅರವತ್ತು ಚೀಲ ತಂದು ಬಚ್ಚಲು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದೆ. ಮಳೆ ಹಿಡಿದ ಮೇಲೆ ತಂದರೆ ಅದೂ ನೀರು ಕುಡಿದಿರುತ್ತದೆ. ಶೀಟಿನ ಕೆಳಗೆ, ನೆಲದಿಂದ ಒಂದಡಿ ಎತ್ತರದಲ್ಲಿ, ಸಂದು ಬಿಟ್ಟು ಇಟ್ಟಿಗೆಯ ಮೂರು ತೊಟ್ಟಿ ಕಟ್ಟಿಸಿದೆ. ಒಂದು ಬಕೆಟ್ ಕಸಕ್ಕೆ ಎರಡು ಬಕೆಟ್ ಹೊಟ್ಟು. ನಾಲ್ಕನೇ ದಿನ ಕೈ ಹಾಕಿದರೆ ಸುಡುತ್ತಿತ್ತು. ಎಪ್ಪತ್ತು ದಿನಕ್ಕೆ ಕಪ್ಪಗೆ, ಮಣ್ಣಿನ ವಾಸನೆ. ತಳದ ಪದರಕ್ಕೆ ಏನು ಹಾಕುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದರೆ ತೋರಿಸುತ್ತೇನೆ.

ಪಂದಿಕರಿಯ, ಅಂದರೆ ಹಂದಿ ಮಾಂಸದ ಸಾರಿನ, ಮೂಳೆ ತೊಟ್ಟಿಗೆ ಹಾಕಬೇಡಿ. ನಾನು ಅದನ್ನು ಒಲೆಯಲ್ಲಿ ಸುಟ್ಟು ಪುಡಿ ಮಾಡಿ ಕಿತ್ತಳೆ ಗಿಡಕ್ಕೆ ಹಾಕಿ ನೋಡುತ್ತಿದ್ದೇನೆ. ಎರಡು ಗಿಡ ಚೆನ್ನಾಗಿ ಚಿಗುರಿವೆ. ತೊಟ್ಟಿಗೆ ಹಲಸಿನ ಸಿಪ್ಪೆಯೂ ಹಾಕುತ್ತೇನೆ, ಆದರೆ ನಮ್ಮ ಕೊಡಗಿನ ಸಿದ್ದಾಪುರ ಕಡೆಯವರು ಆ ಧೈರ್ಯ ಮಾಡಬೇಡಿ, ಆನೆ ಮನೆ ಬಾಗಿಲಿಗೇ ಬರುತ್ತದೆ.

ನಮ್ಮ ಊರುಗಳ ಕಸದಲ್ಲಿ ಹೆಚ್ಚುಕಡಿಮೆ ಅರ್ಧ ಹಸಿಯೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020–21ರ ಲೆಕ್ಕದಲ್ಲಿ ದೇಶದಲ್ಲಿ ದಿನಕ್ಕೆ ಸುಮಾರು 1.6 ಲಕ್ಷ ಟನ್ ಕಸ, ಅದರಲ್ಲಿ ಸಂಸ್ಕರಣೆ ಆಗಿದ್ದು ಅರ್ಧದಷ್ಟು. ಮನೆಯಲ್ಲೇ ಹಸಿ, ಒಣ ಕಸ ಬೇರೆ ಮಾಡಿ ಅಂತ 2016ರ ನಿಯಮವೇ ಹೇಳಿತ್ತು. ಅದರ ಬೆಲೆ ನನಗೆ ಗೊತ್ತಾಗಿದ್ದು ಗುಜರಿಯವನಿಂದ. ಮೊದಲು ಸಾರು ಮೆತ್ತಿದ ಬಾಟಲಿ, ರಟ್ಟು ಅವನು ಮುಟ್ಟುತ್ತಿರಲಿಲ್ಲ. ಈಗ ಹಸಿ ಕಸ ಸೇರದೇ ಇರುವುದರಿಂದ ತಿಂಗಳಿಗೆ ನಾನ್ನೂರು, ಐನೂರು ಕೊಟ್ಟು ಒಯ್ಯುತ್ತಾನೆ.

ಚಿಪ್ಸ್ ಪ್ಯಾಕೆಟ್ ಮಾತ್ರ ಯಾರಿಗೂ ಬೇಡ. ಒಳಗೆ ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಅಂಟಿಕೊಂಡಿರುವುದರಿಂದ ಬಿಡಿಸಲಾಗದು. ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಕಳಿಸಬಹುದು, ಆದರೆ ಒಂದು ಲೋಡ್ ಆಗಬೇಕು. ನನ್ನ ಶೆಡ್ಡಿನಲ್ಲಿ ಹನ್ನೊಂದು ಚೀಲ ಇದೆ. ಅಕ್ಕಪಕ್ಕದ ಹೋಂಸ್ಟೇಯವರು ಕೂಡಿಸಿಟ್ಟಿದ್ದರೆ ಹೇಳಿ, ಬೇಸಿಗೆಯಲ್ಲಿ ಒಟ್ಟಿಗೆ ಒಂದು ಲಾರಿ ಮಾಡೋಣ.