ಡೋನರ್ ಮ್ಯಾಚ್ ರಿಪೋರ್ಟ್ ಓದುವುದು ಹೇಗೆ: ಯಾವ ಜೀನ್‌ಗೆ ಎಷ್ಟು ತಲೆಕೆಡಿಸಿಕೊಳ್ಳಬೇಕು

ಸ್ಟೆಮ್ ಸೆಲ್ ಕಸಿಗೆ ಡೋನರ್ ಹುಡುಕುವಾಗ '9/10 ಮ್ಯಾಚ್' ಅಂತ ಹೇಳಿಬಿಡುತ್ತಾರೆ. ಹಾಗಂದ ತಕ್ಷಣ ಮನೆಯವರಿಗೆ ಎದೆ ಧಸಕ್ಕೆನ್ನುತ್ತದೆ. ಆದರೆ ಆ ಒಂದು ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. ತಪ್ಪಿದ್ದು ಯಾವ ಜೀನ್, ಎಂಥ ವ್ಯತ್ಯಾಸ, ಕಸಿ ಆದಮೇಲೆ ಕೊಡುವ ಔಷಧಿ ಯಾವುದು ಅನ್ನೋದನ್ನೆಲ್ಲ ಸೇರಿಸಿ ನೋಡಬೇಕು.

ಮೊದಲು ಎಚ್‌ಎಲ್‌ಎ ಸಾಲುಗಳನ್ನು ನೋಡಿ. ಯಾವ ಕೋಶ ತನ್ನದು, ಯಾವುದು ಪರಕೀಯ ಅಂತ ದೇಹ ಗುರುತಿಸುವುದು ಇವುಗಳಿಂದಲೇ. ಈ ಜೀನ್‌ಗಳು 6ನೇ ಕ್ರೋಮೋಸೋಮ್ ಮೇಲೆ ಅಕ್ಕಪಕ್ಕ ಕೂತಿವೆ, ಸಾಮಾನ್ಯವಾಗಿ ಒಟ್ಟಿಗೇ ಬರುತ್ತವೆ. ಹಾಗಾಗಿಯೇ ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಎ, ಬಿ, ಸಿ, ಡಿಆರ್‌ಬಿ1 ಈ ನಾಲ್ಕಕ್ಕೆ ಅಪ್ಪನ ಕಡೆಯದೊಂದು, ಅಮ್ಮನ ಕಡೆಯದೊಂದು ಅಂತ ಎಣಿಸಿದರೆ 8/8. ಡಿಕ್ಯೂಬಿ1 ಸೇರಿದರೆ 10/10.

ರಕ್ತಸಂಬಂಧಿಗಳಲ್ಲದ ಡೋನರ್‌ಗಳ ಬಗ್ಗೆ 2007ರಲ್ಲಿ ಬಂದ ದೊಡ್ಡ ಅಮೆರಿಕನ್ ಅಧ್ಯಯನವೊಂದರಲ್ಲಿ, 8/8 ಇದ್ದವರಲ್ಲಿ ಒಂದು ವರ್ಷದ ನಂತರ ಬದುಕಿದ್ದವರು 52%, 7/8 ಇದ್ದವರಲ್ಲಿ 43%. ಈ ಅಂಕಿ ಈಗಲೂ ಎಲ್ಲ ಕಡೆ ಓಡಾಡುತ್ತದೆ. ಓದಿ ಗಾಬರಿಯಾಗಬೇಡಿ, ಅದು ಹಳೆಯ ಚಿಕಿತ್ಸೆಯ ಕಾಲದ ಲೆಕ್ಕ. ಈಗ ಕಸಿಯ ನಂತರ 3 ಮತ್ತು 4ನೇ ದಿನ ಸೈಕ್ಲೋಫಾಸ್ಫಮೈಡ್ ಅನ್ನೋ ಔಷಧಿ ಕೊಡುವ ಪದ್ಧತಿ ಬಂದಿದೆ. ಹೊಸ ಜೀವಕೋಶಗಳು ರೋಗಿಯ ದೇಹದ ಮೇಲೇ ತಿರುಗಿ ಬೀಳುವ ಜಿವಿಎಚ್‌ಡಿಯನ್ನು ಅದು ಎಷ್ಟು ಹಿಡಿತದಲ್ಲಿ ಇಡುತ್ತದೆ ಅಂದರೆ, ಅರ್ಧ ಮಾತ್ರ ಹೊಂದುವ ಅಪ್ಪ, ಅಮ್ಮ, ಮಕ್ಕಳು ಕೂಡ ಈಗ ಡೋನರ್ ಆಗುತ್ತಿದ್ದಾರೆ. ಹಾಗಾಗಿ ಡಾಕ್ಟರ ಹತ್ತಿರ ಮೊದಲು ಕೇಳಬೇಕಾದ್ದು ಇದನ್ನೇ: ಜಿವಿಎಚ್‌ಡಿ ತಡೆಯೋಕೆ ಏನು ಕೊಡುತ್ತೀರಿ?

ಇನ್ನು ತಪ್ಪಿದ ಸಾಲನ್ನು ಹತ್ತಿರದಿಂದ ನೋಡಿ. ರೋಗಿಯದು ಸಿ*03:03, ಡೋನರ್‌ದು ಸಿ*03:04 ಅಂತಿದೆ ಅಂದುಕೊಳ್ಳಿ. ಇವು ಸಿ ಜೀನ್‌ನ ಎರಡು ರೂಪಗಳ ಹೆಸರು. ಕಾಗದದ ಮೇಲೆ ಇದೂ ಒಂದು ಮಿಸ್‌ಮ್ಯಾಚ್. ಆದರೆ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಇಂಥ ಜೋಡಿಗಳ ಫಲಿತಾಂಶ 8/8ಕ್ಕಿಂತ ಬೇರೆಯಾಗಿ ಕಾಣಲಿಲ್ಲ. ಎಲ್ಲ ಮಿಸ್‌ಮ್ಯಾಚೂ ಒಂದೇ ಅಲ್ಲ ಅಂತ ನಾನು ಒತ್ತಿ ಹೇಳೋದು ಇದಕ್ಕೇ.

ಡಿಪಿಬಿ1 ಅನ್ನೋ ಇನ್ನೊಂದು ಎಚ್‌ಎಲ್‌ಎ ಜೀನ್‌ನ ಸಾಲನ್ನು ಜಾಸ್ತಿ ಜನ ನೋಡುವುದೇ ಇಲ್ಲ, ಎಷ್ಟೋ ರಿಪೋರ್ಟ್‌ಗಳಲ್ಲಿ ಅದು ಎಣಿಕೆಗೇ ಬರುವುದಿಲ್ಲ. ಹೊರಗಿನ ಡೋನರ್ ಆದರೆ ಇಲ್ಲಿ ವ್ಯತ್ಯಾಸ ಇರೋದೇ ಹೆಚ್ಚು. ಅದರಲ್ಲಿ ಎರಡು ಬಗೆ: ದೇಹ ಸಹಿಸಿಕೊಳ್ಳುವಂಥದ್ದು, ಸಹಿಸದಂಥದ್ದು. ಸಹಿಸದ ಬಗೆಯಲ್ಲಿ ಕಸಿಯ ತೊಂದರೆಗಳಿಂದಲೇ ಸಾವಿನ ಅಪಾಯ ಹೆಚ್ಚುತ್ತದೆ ಅಂತ 2012ರಲ್ಲೇ ದೊಡ್ಡ ಅಧ್ಯಯನ ತೋರಿಸಿತು. ಇಬ್ಬರು ಡೋನರ್‌ಗಳು 10/10 ಇದ್ದರೆ ಇದನ್ನು ಕೇಳಿ ಆರಿಸಿಕೊಳ್ಳಬಹುದು. ಡಿಪಿಬಿ1 ವ್ಯತ್ಯಾಸಕ್ಕೆ ಇನ್ನೊಂದು ಮುಖವೂ ಇದೆ: ಜಿವಿಎಚ್‌ಡಿ ಹೆಚ್ಚಿಸುವ ಅದೇ ಸಿಟ್ಟು ಉಳಿದ ಕ್ಯಾನ್ಸರ್ ಕೋಶಗಳ ಮೇಲೂ ತಿರುಗುವುದರಿಂದ, ರೋಗ ಮರುಕಳಿಸೋದು ಸ್ವಲ್ಪ ಕಡಿಮೆಯಾಗುತ್ತದೆ. ಅದಕ್ಕೇ ಮರುಕಳಿಸುವ ಅಪಾಯ ಎಷ್ಟಿದೆ ಅನ್ನೋದನ್ನೂ ಸೇರಿಸಿಯೇ ಡಾಕ್ಟರು ತೂಗಿ ನೋಡುತ್ತಾರೆ.

ಅರ್ಧ ಮ್ಯಾಚ್ ಅಥವಾ ಮಿಸ್‌ಮ್ಯಾಚ್ ಡೋನರ್ ಆದರೆ ಆ ಡೋನರ್ ವಿರುದ್ಧ ರೋಗಿಯ ರಕ್ತದಲ್ಲಿ ಆಂಟಿಬಾಡಿ ಇದೆಯಾ ಅಂತ ಪರೀಕ್ಷೆ ಆಗಲೇಬೇಕು. ಗರ್ಭ ಧರಿಸಿದವರಲ್ಲಿ, ಪದೇ ಪದೇ ರಕ್ತ ಪಡೆದವರಲ್ಲಿ ಇವು ಇರುವ ಸಾಧ್ಯತೆ ಹೆಚ್ಚು. ಜಾಸ್ತಿ ಇದ್ದರೆ ಕಸಿ ನಾಟದೇ ಹೋಗಬಹುದು.

ಕಿರ್ ಜೀನ್‌ಗಳು 19ನೇ ಕ್ರೋಮೋಸೋಮ್‌ನವು, ಎನ್‌ಕೆ ಕೋಶಗಳ (ಒಂದು ಬಗೆಯ ರೋಗನಿರೋಧಕ ಕೋಶಗಳ) ಸ್ವಿಚ್ಚುಗಳು. ಎಎಂಎಲ್ ಅನ್ನೋ ರಕ್ತದ ಕ್ಯಾನ್ಸರ್ ರೋಗಿಗಳಿಗೆ ಬಿ ಗುಂಪಿನ ಕಿರ್ ಇರುವ ಡೋನರ್ ಒಳ್ಳೆಯದು ಅಂತ ಕೆಲವು ಅಧ್ಯಯನ ಹೇಳಿವೆ, ಬೇರೆ ಕೆಲವದರಲ್ಲಿ ಅದು ಕಾಣಲಿಲ್ಲ. ಉಳಿದದ್ದೆಲ್ಲ ಸಮ ಇದ್ದಾಗ ಮಾತ್ರ ನೋಡಿ. ಡೋನರ್ ವಯಸ್ಸು ಇದಕ್ಕಿಂತ ಮುಖ್ಯ, ಎಳೆ ವಯಸ್ಸಿನವರು ಸಿಕ್ಕರೆ ಒಳ್ಳೆಯದು.

ಇನ್ನು 'ಈ ಒಂದು ಜೀನ್ ವ್ಯತ್ಯಾಸ ಇದ್ದರೆ ಬದುಕುವುದು ಕಷ್ಟ' ಅನ್ನುವ ಸುದ್ದಿಗಳು. ಎನ್‌ಒಡಿ2 ಅನ್ನೋ ಜೀನ್ ಹೆಸರು ನೀವೂ ಕೇಳಿರಬಹುದು. 2017ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿ-ಡೋನರ್ ಜೋಡಿಗಳಲ್ಲಿ ಇಂಥ ಹಳೆಯ ವರದಿಗಳನ್ನು ಮತ್ತೆ ಪರೀಕ್ಷಿಸಿದಾಗ ಬಹುತೇಕ ಯಾವುದೂ ನಿಲ್ಲಲಿಲ್ಲ. ಅದಕ್ಕಾಗಿ ಸುಮ್ನೆ ದುಡ್ಡು ಕೊಟ್ಟು ಟೆಸ್ಟ್ ಮಾಡಿಸಬೇಡಿ, ನಿದ್ದೆಗೆಡಬೇಡಿ.

ಎಚ್‌ಎಲ್‌ಎ ರಿಪೋರ್ಟ್ ಮಾತ್ರ ಕಸಿ ಆದಮೇಲೂ ಜೋಪಾನವಾಗಿ ಇಟ್ಟುಕೊಳ್ಳಿ. ಅರ್ಧ ಮ್ಯಾಚ್ ಕಸಿಯ ನಂತರ ಲ್ಯೂಕೇಮಿಯಾ ಮರುಕಳಿಸಿದರೆ, ಕೆಲವೊಮ್ಮೆ ಕ್ಯಾನ್ಸರ್ ಕೋಶಗಳು ಡೋನರ್‌ಗೆ ಹೊಂದದ ಎಚ್‌ಎಲ್‌ಎ ಭಾಗವನ್ನೇ ಕಳಚಿಕೊಂಡು ಕಣ್ಣು ತಪ್ಪಿಸಿರುತ್ತವೆ. ಆಗ ಅದೇ ಡೋನರ್‌ನ ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಮತ್ತೆ ಕೊಟ್ಟರೆ ಪ್ರಯೋಜನ ಇರೋದು ಅನುಮಾನ. ಎಚ್‌ಎಲ್‌ಎ ಲಾಸ್ ಆಗಿದೆಯಾ ಅಂತ ಪರೀಕ್ಷಿಸಿ ಅಂತ ಮೊದಲೇ ಕೇಳಿ. ಹೌದು ಅಂತಾದರೆ, ಕಳಚಿಹೋಗದೆ ಉಳಿದಿರುವ ಭಾಗವನ್ನು ಪರಕೀಯ ಅಂತ ಗುರುತಿಸಬಲ್ಲ ಬೇರೆ ಡೋನರ್ ಹುಡುಕುವುದಕ್ಕೆ ಅದೇ ರಿಪೋರ್ಟ್ ಬೇಕಾಗುತ್ತದೆ.